ಜೈಸಲ್ಮೇರ್‌ನ ಮರುಭೂಮಿ ಉದ್ಯಾನಕ್ಕೆ ಹೊರಟಿದ್ದೇವೆ: ಹೋಗಿ ಬಂದವರು ದಯವಿಟ್ಟು ತಿಳಿಸಿ

ಕೃಷ್ಣಾತೀರ (ರಾಯಚೂರು)

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರ್ ಕೊನೆಯ ವಾರದಲ್ಲಿ ನಾನು, ನನ್ನ ತಂದೆಯವರು ಮತ್ತು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳು ರಾಜಸ್ಥಾನದ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕೆಂದು ನಿಶ್ಚಯಿಸಿದ್ದೇವೆ. ಮಗಳು ಎರಡು ವರ್ಷಗಳಿಂದ ಹಕ್ಕಿಗಳ ಟಿಪ್ಪಣಿ ಪುಸ್ತಕ ಇಟ್ಟುಕೊಂಡಿದ್ದಾಳೆ. ಅದರ ಮೊದಲ ಪುಟದಲ್ಲೇ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಚಿತ್ರ ಬರೆದು, ಎದುರಿಗೆ ನೋಡಿದ ದಿನಾಂಕಕ್ಕೆಂದು ಜಾಗ ಖಾಲಿ ಬಿಟ್ಟಿದ್ದಾಳೆ. ತಂದೆಯವರಿಗೆ ಎಪ್ಪತ್ತೆರಡು ವರ್ಷ. ಮಂಡಿನೋವಿದೆ, ಆದರೆ ಉತ್ಸಾಹಕ್ಕೆ ಕೊರತೆಯಿಲ್ಲ.

ಪ್ರವಾಸ ಏರ್ಪಡಿಸುವವರು ಕಳುಹಿಸಿದ ಪಟ್ಟಿಯಲ್ಲಿ ಉದ್ಯಾನಕ್ಕೆಂದು ಒಂದೇ ಒಂದು ಮಧ್ಯಾಹ್ನವನ್ನು ಇಟ್ಟಿದ್ದಾರೆ. ಸಮ್ ಎಂಬಲ್ಲಿ ಮರಳಿನ ದಿಬ್ಬ, ಒಂಟೆ ಸವಾರಿ, ಜೀಪು, ರಾತ್ರಿ ಡೇರೆಯಲ್ಲಿ ಹಾಡು ಮತ್ತು ಊಟ, ಮರುದಿನ ಬೆಳಿಗ್ಗೆ ವಾಪಸ್. ಇಷ್ಟರಲ್ಲಿ ಉದ್ಯಾನವನ್ನು ನೋಡಿದಂತಾಗುತ್ತದೆಯೇ? ಅನುಮತಿ, ಚಳಿ, ಹಿರಿಯರ ಓಡಾಟ ಇವುಗಳ ಬಗ್ಗೆ ತಿಳಿದವರು ಬರೆದರೆ ಉಪಕಾರವಾಗುತ್ತದೆ.

ಕೋಟೆ ಬೆಟ್ಟದ ನೆರಳು (ಬಳ್ಳಾರಿ)

ಅಕ್ಕಾ, ಕಳೆದ ಜನವರಿಯಲ್ಲಿ ನಾನೂ ನನ್ನ ಮಡದಿಯೂ ಅಲ್ಲಿ ಮೂರು ದಿನ ಇದ್ದೆವು. ಆದ್ದರಿಂದ ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು. ಮರುಭೂಮಿ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವ ಮರಳಿನ ದಿಬ್ಬಗಳು ಆ ಉದ್ಯಾನದ ಐದನೆಯ ಒಂದು ಭಾಗ ಮಾತ್ರ. ಉಳಿದದ್ದೆಲ್ಲ ಕಲ್ಲು ಹರಡಿದ ಗಟ್ಟಿ ನೆಲ, ಒರಟು ಬಂಡೆಯ ಏರು, ಒಣಗಿ ಹೆಪ್ಪುಗಟ್ಟಿದ ಉಪ್ಪುಗೆರೆಯ ತಳ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಸೇವಣ್ ಎಂಬ ಹುಲ್ಲಿನ ಬಯಲು. ಜೈಸಲ್ಮೇರ್ ಮತ್ತು ಬಾಡ್ಮೇರ್ ಎರಡು ಜಿಲ್ಲೆಗಳಲ್ಲಿ 3,162 ಚದರ ಕಿಲೋಮೀಟರ್ ಹಬ್ಬಿರುವ ಈ ಪ್ರದೇಶವನ್ನು 1980ರಲ್ಲಿ ಸಂರಕ್ಷಿತವೆಂದು ಘೋಷಿಸಲಾಯಿತು. ಬಂಡೀಪುರದ ಹಾಗೆ ಒಂದು ದ್ವಾರ, ಅದರಾಚೆ ನಿರ್ಜನ ಕಾಡು ಎಂಬ ಕಲ್ಪನೆಯನ್ನು ಇಟ್ಟುಕೊಂಡು ಹೋಗಬೇಡಿ. ಎಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ಅದರೊಳಗಿವೆ; ಕುರಿ, ಆಡು, ಒಂಟೆಗಳು ಮೇಯುತ್ತವೆ; ಹೊಲಗಳಿವೆ. ಹಕ್ಕಿ ನೋಡಬೇಕೆನ್ನುವವರು ಸಮ್ ದಿಬ್ಬಗಳಲ್ಲಿ ನಿಲ್ಲದೆ ಸುದಾಸರಿ ಎಂಬ, ಬೇಲಿ ಹಾಕಿ ಹುಲ್ಲು ಬೆಳೆಯಲು ಬಿಟ್ಟಿರುವ ಆವರಣದ ಕಡೆಗೆ ಹೋಗಬೇಕು. ಇದಕ್ಕೆ ಜೈಸಲ್ಮೇರ್‌ನಲ್ಲಿರುವ ಅರಣ್ಯ ಇಲಾಖೆಯ ವನ್ಯಜೀವಿ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿ ಅನುಮತಿ ಪಡೆಯುವುದು ಒಳ್ಳೆಯದು. ಗಡಿಗೆ ಹತ್ತಿರದ ಪ್ರದೇಶವಾದ್ದರಿಂದ ಎಲ್ಲರ ಗುರುತಿನ ಚೀಟಿಯೂ ಕೈಯಲ್ಲಿರಲಿ.

ನಿಮ್ಮ ಪಟ್ಟಿಯಲ್ಲಿರುವ ಆ ಒಂದು ಮಧ್ಯಾಹ್ನದಲ್ಲಿ ನೀವು ಉದ್ಯಾನದ ಅಂಚನ್ನು ಮಾತ್ರ ಮುಟ್ಟಿ ಬರುತ್ತೀರಿ. ಕನಿಷ್ಠ ಎರಡು ಬೆಳಗುಗಳು ಬೇಕೇ ಬೇಕು. ಸೂರ್ಯ ಹುಟ್ಟುವ ಮೊದಲೇ ಬಯಲಿನಲ್ಲಿ ಇರಬೇಕು.

ನಮಗೆ ಮೊದಲ ಬೆಳಗಿನಲ್ಲಿ ಚಿಂಕಾರಗಳು ಕಂಡವು. ನಾವು ಹೊಲಗಳಲ್ಲಿ ನೋಡುವ ಕೃಷ್ಣಮೃಗಕ್ಕಿಂತ ಚಿಕ್ಕ ಮೈ, ಮರಳಿನದೇ ಬಣ್ಣ. ಓಡುವಾಗ ಬಾಲ ಬಿಡದೆ ಅಲ್ಲಾಡುತ್ತದೆ. ನೀರು ಕುಡಿಯದೆಯೂ ಎಲೆಯ ತೇವ, ಇಬ್ಬನಿಗಳಿಂದ ಬಹುಕಾಲ ಬದುಕಬಲ್ಲ ಪ್ರಾಣಿ ಅದು. ಎರಡನೆಯ ದಿನ ಒಂದು ಮರುಭೂಮಿ ನರಿ ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತ ಕುಳಿತಿತ್ತು. ಅಲ್ಲಲ್ಲಿ ರಣಹದ್ದುಗಳು, ಕಂಬದ ಮೇಲೆ ಗಿಡುಗಗಳು, ನೆಲದ ಮೇಲೆ ಓಡುತ್ತಲೇ ಮಾಯವಾಗುವ ಕೆನೆಬಣ್ಣದ ಸಣ್ಣ ಹಕ್ಕಿಗಳು. ಆದರೆ ನಾವು ಯಾವುದಕ್ಕಾಗಿ ಹೋಗಿದ್ದೆವೋ ಆ ಎರೆಭೂತ ಮಾತ್ರ ಕಾಣಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಹೊರಡುವ ಹೊತ್ತಿಗೆ, ಜೊತೆಗಿದ್ದ ಅರಣ್ಯ ರಕ್ಷಕರು ಕೈಯೆತ್ತಿ ತೋರಿಸಿದರು. ಅರ್ಧ ಕಿಲೋಮೀಟರಿಗೂ ಆಚೆ, ಹುಲ್ಲಿನ ನಡುವೆ, ಬಿಳಿಯ ಉದ್ದ ಕುತ್ತಿಗೆಯ ಒಂದು ಹಕ್ಕಿ, ತಲೆಯ ಮೇಲೆ ಕಪ್ಪು ಟೋಪಿ. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ಒಂದು ಮೀಟರ್ ಎತ್ತರ, ಗಂಡಾದರೆ ಹದಿನೈದು ಕಿಲೋವರೆಗೂ ತೂಗುವ ಹಕ್ಕಿ. ಆದರೂ ತಲೆ ತಗ್ಗಿಸಿದ ಕೂಡಲೇ ಅಲ್ಲಿ ಏನೂ ಇರಲಿಲ್ಲವೆಂಬಂತೆ ಬಯಲು ಖಾಲಿಯಾಯಿತು. ಎಂಟು ನಿಮಿಷ ನೋಡಿದೆವು. ನನ್ನ ಮಡದಿ ಕಣ್ಣು ಒರೆಸಿಕೊಂಡರು.

ಇನ್ನೊಂದು ವಿಷಯ. ಅಲ್ಲಿ ಅವರು ಖೇಜ್ಡಿ ಎಂದು ಪೂಜಿಸುವ ಮರ ನಮ್ಮ ಬನ್ನಿ ಮರವೇ. ವಿಜಯದಶಮಿಯಂದು ಬಂಗಾರವೆಂದು ನಾವು ಹಂಚಿಕೊಳ್ಳುವ ಎಲೆ. ಅದರ ಕಾಯಿಯನ್ನು ಒಣಗಿಸಿ ಸಾಂಗ್ರಿ ಎಂದು ಪಲ್ಯ ಮಾಡುತ್ತಾರೆ, ಜೊತೆಗೆ ಸಜ್ಜೆ ರೊಟ್ಟಿ, ಮಜ್ಜಿಗೆ. ನಿಮ್ಮ ತಂದೆಯವರಿಗೆ ಊಟದ ಚಿಂತೆ ಬೇಡ. ಆ ಬನ್ನಿಯ ದೂರದ ನೆಂಟನಾಗಿ, ಪರದೇಶದಿಂದ ಬಂದು ಹುಲ್ಲುಗಾವಲನ್ನು ನುಂಗುತ್ತಿರುವ ಮುಳ್ಳುಗಿಡವನ್ನೂ ಅಲ್ಲಿ ನೋಡಿದೆವು. ಅವರು ಅದನ್ನು ವಿಲಾಯತಿ ಬಬೂಲ್ ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ ಅದಕ್ಕೆ ನಮ್ಮ ಊರಿನದೇ ಹೆಸರು, ಬಳ್ಳಾರಿ ಜಾಲಿ.

ಎರಿಹೊಲ (ಸಿರುಗುಪ್ಪ)

ಬಳ್ಳಾರಿಯ ಮೇಷ್ಟ್ರ ಬರಹವನ್ನು ಎರಡು ಸಲ ಓದಿದೆ. ರಾಯಚೂರಿನ ಅಕ್ಕಾವರಿಗೆ ಒಂದು ವಿಷಯ ತಿಳಿದಿದೆಯೋ ಇಲ್ಲವೋ ಎಂದು ಬರೆಯುತ್ತಿದ್ದೇನೆ. ಜೈಸಲ್ಮೇರ್‌ನವರು ಗೋಡಾವಣ್ ಎಂದು ಕರೆದು ತಮ್ಮ ರಾಜ್ಯಪಕ್ಷಿಯನ್ನಾಗಿ ಮಾಡಿಕೊಂಡಿರುವ ಆ ಹಕ್ಕಿ ನಮ್ಮ ಸಿರುಗುಪ್ಪ ತಾಲ್ಲೂಕಿನ ಎರಿ ಹೊಲಗಳಲ್ಲಿ ಇಂದಿಗೂ ಇದೆ. ಬೆರಳೆಣಿಕೆಯಷ್ಟು, ಆದರೆ ಇದೆ. ಇಡೀ ಜಗತ್ತಿನಲ್ಲಿ ನೂರೈವತ್ತರ ಆಸುಪಾಸಿನಲ್ಲಿ ಉಳಿದಿರುವ, ಅದರಲ್ಲೂ ಬಹುಪಾಲು ರಾಜಸ್ಥಾನದಲ್ಲೇ ಇರುವ ಹಕ್ಕಿ, ಕರ್ನಾಟಕದಲ್ಲಿ ಉಳಿದ ಕೊನೆಯ ನೆಲೆಯಾಗಿ ನಮ್ಮ ಬಳ್ಳಾರಿ ಜಿಲ್ಲೆಯನ್ನು ಹಿಡಿದುಕೊಂಡಿದೆ. ಹಿಂದೆ ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿಯೂ ಇದ್ದವು, ಈಗ ಅಲ್ಲಿಲ್ಲ.

ನಮ್ಮ ಅಜ್ಜ ಇದನ್ನು ದೊರವಾಯನ ಹಕ್ಕಿ ಎಂದೂ ಎರೆಭೂತ ಎಂದೂ ಎರಡೂ ಹೆಸರಿನಿಂದ ಕರೆಯುತ್ತಿದ್ದರು. ಕುಸುಬೆ ಹೊಲದಲ್ಲಿ ಯಾರೋ ಮನುಷ್ಯ ನಿಂತಂತೆ ಕಾಣುತ್ತದೆ, ಹತ್ತಿರ ಹೋದರೆ ಯಾರೂ ಇರುವುದಿಲ್ಲ, ಅದಕ್ಕೇ ಭೂತ ಎಂದು ಅವರು ಹೇಳುತ್ತಿದ್ದರು. ನಾನು ನನ್ನ ಐವತ್ತೊಂದು ವರ್ಷಗಳಲ್ಲಿ ಅದನ್ನು ಆರು ಸಲ ನೋಡಿದ್ದೇನೆ. ಆರನ್ನೂ ದಿನದ ಸಮೇತ ಹೇಳಬಲ್ಲೆ.

ಕೃಷ್ಣಾತೀರ (ರಾಯಚೂರು)

ಅಣ್ಣಾವರೇ, ಇದು ನನಗೆ ನಿಜವಾಗಿಯೂ ತಿಳಿದಿರಲಿಲ್ಲ. ರಾಯಚೂರಿನಿಂದ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿ ಬಂದಿದ್ದೇನೆ, ಕಿಟಕಿಯಾಚೆ ಇರುವುದು ಬರಿಯ ಕಪ್ಪು ಹೊಲವೆಂದೇ ಅಂದುಕೊಂಡಿದ್ದೆ. ಮಗಳಿಗೆ ಓದಿ ಹೇಳಿದಾಗ ಅವಳು ಕುಳಿತಲ್ಲಿಂದ ಎದ್ದೇ ಬಿಟ್ಟಳು. ಜೈಸಲ್ಮೇರ್‌ಗೆ ಹೋಗುವ ಮುನ್ನ ಒಂದು ಭಾನುವಾರ ನಿಮ್ಮ ಊರಿಗೇ ಬಂದು ಪ್ರಯತ್ನಿಸಬಹುದೇ? ಯಾವ ಹಳ್ಳಿ, ಯಾವ ದಿಕ್ಕು ಎಂದು ತಿಳಿಸುವಿರಾ?

ಎರಿಹೊಲ (ಸಿರುಗುಪ್ಪ)

ಅಕ್ಕಾ, ದಯವಿಟ್ಟು ತಪ್ಪು ತಿಳಿಯಬೇಡಿ. ಹಳ್ಳಿಯ ಹೆಸರನ್ನು ಇಲ್ಲಿ ಬರೆಯಲಾರೆ, ಬೇರೆಯವರೂ ಬರೆಯಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಎರೆಭೂತ ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ, ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ತಾಯಿ ಎದ್ದುಹೋದ ಹೊತ್ತಿನಲ್ಲಿ ಒಂದು ನಾಯಿ ಬಂದರೆ, ಒಂದು ಕಾಗೆ ಇಳಿದರೆ, ಆ ವರ್ಷ ಮುಗಿದಂತೆ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆ ಹಕ್ಕಿ ಕಂಡಿತೆಂಬ ಸುದ್ದಿ ಮೊಬೈಲಿನಲ್ಲಿ ಹರಡಿ, ಮುಂದಿನ ಭಾನುವಾರ ನಾಲ್ಕು ಕಾರುಗಳು ಬಂದವು. ಬಂದವರು ಕೆಟ್ಟವರೇನಲ್ಲ, ದೊಡ್ಡ ಕ್ಯಾಮೆರಾ ಹಿಡಿದು ಆಸೆಯಿಂದ ಬಂದವರು. ಆದರೆ ಕಡಲೆ ಹೊಲದಲ್ಲಿ ಅಡ್ಡಾದಿಡ್ಡಿ ನಡೆದರು. ಆ ಹೊಲದಲ್ಲಿ ಮತ್ತೆ ಹಕ್ಕಿ ಕಂಡದ್ದು ಎರಡು ಹಂಗಾಮು ಕಳೆದ ಮೇಲೆ.

ಸುದಾಸರಿಯಲ್ಲಿ ಬೇಲಿಯಿದೆ, ಕಾವಲಿದೆ, ಕರೆದೊಯ್ಯುವವರಿದ್ದಾರೆ. ಅಲ್ಲಿಗೆ ಹೋಗುವುದು ಸರಿ. ನಮ್ಮಲ್ಲಿ ಇರುವುದು ರೈತರ ಪಟ್ಟಾ ಜಮೀನು ಮಾತ್ರ.

ಚಾರಣಿಗ (ಸಂಡೂರು)

ಅಣ್ಣನವರ ಕಳಕಳಿ ಅರ್ಥವಾಗುತ್ತದೆ, ಆದರೂ ಪೂರ್ತಿ ಒಪ್ಪಲಾರೆ. ಜನರು ನೋಡದ ಜೀವಿಯ ಪರವಾಗಿ ಮಾತಾಡುವವರು ಯಾರು? ದರೋಜಿ ಕರಡಿಧಾಮವನ್ನೇ ತೆಗೆದುಕೊಳ್ಳಿ. 1994ರಲ್ಲಿ ಅದು ಘೋಷಣೆಯಾಗುವ ಮೊದಲು ಕರಡಿಯೆಂದರೆ ನಮ್ಮ ಭಾಗದವರಿಗೆ ಭಯ ಮತ್ತು ಬೆಳೆಹಾನಿ ಎರಡೇ ಆಗಿದ್ದವು. ಕರಡಿಕಲ್ಲು ಗುಡ್ಡದ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿಟ್ಟು, ಎದುರಿನ ಗೋಪುರದ ಮೇಲೆ ಜನರನ್ನು ಕೂರಿಸಿ, ಸಂಜೆಯ ಹೊತ್ತಿಗೆ ತಾಯಿ ಕರಡಿ ಬೆನ್ನ ಮೇಲೆ ಮರಿಗಳನ್ನು ಹೊತ್ತು ಇಳಿದು ಬರುವುದನ್ನು ತೋರಿಸಿದ ಮೇಲೆ ಎಷ್ಟು ಮಕ್ಕಳ ಮನಸ್ಸು ಬದಲಾಯಿತು! ನಾನೂ ಆ ಮಕ್ಕಳಲ್ಲಿ ಒಬ್ಬ. ಸಿರುಗುಪ್ಪದಲ್ಲಿಯೂ ಶಿಸ್ತಿನಿಂದ ದೂರದ ಗೋಪುರವೊಂದನ್ನು ಕಟ್ಟಿ ತೋರಿಸಿದರೆ ಹಳ್ಳಿಗೂ ಆದಾಯ, ಹಕ್ಕಿಗೂ ರಕ್ಷಣೆ ಎನ್ನುವುದು ನನ್ನ ಅಭಿಪ್ರಾಯ.

ವಿಜ್ಞಾನ ಶಿಕ್ಷಕಿ (ಗಂಗಾವತಿ, ಕೊಪ್ಪಳ ಜಿಲ್ಲೆ)

ಸಂಡೂರಿನ ತಮ್ಮನವರೇ, ದರೋಜಿಯ ಮಾತು ನಿಜ. ಆದರೆ ಕರಡಿ ಬೆಲ್ಲದ ಆಸೆಗೆ ತಾನಾಗಿ ಬರುತ್ತದೆ, ಬಂಡೆಯ ಸಂದಿನಲ್ಲಿ ಮರೆಯಾಗಲು ಅದಕ್ಕೆ ಗುಹೆಯಿದೆ, ನಾವು ಗೋಪುರದಲ್ಲೇ ಇರುತ್ತೇವೆ. ಬಯಲಿನ ಹಕ್ಕಿಗೆ ಮರೆಯೆಂಬುದೇ ಇಲ್ಲ. ದೂರವೇ ಅದರ ಮರೆ. ಅದನ್ನು ಹತ್ತಿರಕ್ಕೆ ಕರೆಯುವ ಬೆಲ್ಲವಿಲ್ಲ, ನಾವೇ ಹತ್ತಿರ ಹೋಗಬೇಕಾಗುತ್ತದೆ, ಅಲ್ಲಿಗೆ ಎಲ್ಲವೂ ಕೆಡುತ್ತದೆ. ನಮ್ಮ ತಾಲ್ಲೂಕಿನ ಬಂಕಾಪುರ ತೋಳಧಾಮದ ಸುತ್ತ ಓಡಾಡುವಾಗಲೂ ನನಗೆ ಇದೇ ಯೋಚನೆ ಬರುತ್ತದೆ. ಕುರುಚಲು ಬಯಲನ್ನು ಬಂಜರೆಂದು ಕರೆದು ಬಂದಿದ್ದೇವೆ, ಆದರೆ ತೋಳ, ನರಿ, ಕೃಷ್ಣಮೃಗ, ಎರೆಭೂತ ಇವು ದಟ್ಟ ಕಾಡಿನಲ್ಲಿ ಬದುಕುವ ಜೀವಿಗಳೇ ಅಲ್ಲ.

ರಾಯಚೂರಿನ ಮೇಡಂ ಅವರಿಗೆ, ಮಗಳು ಟಿಪ್ಪಣಿ ಬರೆಯುವವಳಾದ್ದರಿಂದ ಎರಡು ಸಂಗತಿ ಹೇಳುತ್ತೇನೆ. ಅಲ್ಲಿನ ಮರುಭೂಮಿ ನರಿಯ ಬಾಲದ ತುದಿ ಬಿಳಿ, ನಮ್ಮ ಬಯಲಿನ ನರಿಯದು ಕಪ್ಪು. ಎರಡೂ ಆ ಉದ್ಯಾನದಲ್ಲಿ ಇರುವುದರಿಂದ ಬಾಲವನ್ನೇ ನೋಡಬೇಕು. ಸಾಂಡಾ ಎಂಬ ಮುಳ್ಳುಬಾಲದ ಹಲ್ಲಿ ಹುಲ್ಲು, ಎಲೆ ತಿನ್ನುವ ಸಾಧು ಪ್ರಾಣಿ. ರಾತ್ರಿ ಬಿಲದ ಬಾಯಿಯನ್ನು ಮಣ್ಣಿನಿಂದ ಮುಚ್ಚಿಕೊಂಡು ಮಲಗುತ್ತದೆ, ಚಳಿಗಾಲದ ಬಹುಪಾಲು ಒಳಗೇ ಇರುತ್ತದೆ. ಡಿಸೆಂಬರಿನಲ್ಲಿ ಕಾಣದಿದ್ದರೆ ನಿರಾಸೆ ಬೇಡ. ಇದರ ಕೊಬ್ಬಿನ ಎಣ್ಣೆ ನೋವಿಗೆ ಮದ್ದೆಂಬ ಮೂಢನಂಬಿಕೆಯಿಂದ ಕೊಲ್ಲುತ್ತಾರೆ. ತಂದೆಯವರ ಮಂಡಿನೋವನ್ನು ನೋಡಿ ಯಾರಾದರೂ ಅದನ್ನು ಮಾರಲು ಬಂದರೆ ಖಂಡಿತವಾಗಿ ಬೇಡವೆನ್ನಿ.

ಜೈಸಲ್ಮೇರ್‌ನಿಂದ ಬಾಡ್ಮೇರ್ ರಸ್ತೆಯಲ್ಲಿ 17 ಕಿಲೋಮೀಟರ್ ದೂರದ ಆಕಲ್‌ನಲ್ಲಿ ಕಲ್ಲಾಗಿ ಮಲಗಿರುವ ಮರದ ದಿಮ್ಮಿಗಳಿವೆ. ಸುಮಾರು 18 ಕೋಟಿ ವರ್ಷಗಳ ಹಿಂದೆ ಅಲ್ಲಿ ಮಳೆ ಸುರಿಯುವ ಕಾಡಿತ್ತು ಎಂಬುದಕ್ಕೆ ಅವು ಸಾಕ್ಷಿ. ನಮ್ಮ ಅಂಗಳದಲ್ಲೇ ಇರುವ ಹಂಪಿಯ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯವೆಂದು ನೆನಪಿಸಿ ಹೇಳಿದರೆ ಮಕ್ಕಳಿಗೆ ಕಾಲದ ಅಳತೆ ಸಿಗುತ್ತದೆ.

ಮಸ್ಕಿ ನಾಲೆ (ಸಿಂಧನೂರು)

ಹಿರಿಯರ ವಿಷಯ ಕೇಳಿದ್ದೀರಿ. ನಾನು ನನ್ನ ತಾಯಿಯವರನ್ನು ಕರೆದುಕೊಂಡು ಹೋಗಿದ್ದೆ. ಹುಬ್ಬಳ್ಳಿಯ ಮೇಲೆ ಜೋಧ್‌ಪುರಕ್ಕೆ ಹೋಗುವ ರೈಲು ಇದೆ. ಜೋಧ್‌ಪುರದಲ್ಲಿ ಒಂದು ರಾತ್ರಿ ತಂಗಿ, ಮರುದಿನ ಜೈಸಲ್ಮೇರ್‌ಗೆ ಹೋಗುವುದು ವಯಸ್ಸಾದವರಿಗೆ ಹಗುರ. ಒಂದೇ ಸಮನೆ ಹೋಗಬೇಡಿ.

ಚಳಿಯನ್ನು ನಮ್ಮ ಸೀಮೆಯ ಚಳಿಯೆಂದು ಲೆಕ್ಕ ಹಾಕಬೇಡಿ. ಹಗಲು ಹಿತವಾದ ಬಿಸಿಲಿರುತ್ತದೆ, ರಾತ್ರಿ ಒಂದಂಕಿಗೆ ಇಳಿಯುತ್ತದೆ, ತೆರೆದ ಜೀಪಿನಲ್ಲಿ ಬೆಳಗಿನ ಗಾಳಿ ಮೈಯನ್ನು ಕೊರೆಯುತ್ತದೆ. ದಿಬ್ಬದ ಮೇಲಿನ ಡೇರೆಗಿಂತ ಊರಿನಲ್ಲಿ ಗೋಡೆಯಿರುವ ಕೋಣೆ ಮೇಲು. ಕಂಬಳಿ, ಕಿವಿ ಮುಚ್ಚುವ ಟೋಪಿ, ಧೂಳಿಗೆ ಒಂದು ಟವೆಲ್ ಇರಲಿ. ಒಂಟೆಯ ಮೇಲೆ ತಂದೆಯವರನ್ನು ಹತ್ತಿಸಬೇಡಿ. ಅದು ಏಳುವಾಗ ಹಿಂಗಾಲನ್ನು ಮೊದಲು ಎತ್ತುವುದರಿಂದ ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ.

ಕೋಟೆ ಬೆಟ್ಟದ ನೆರಳು (ಬಳ್ಳಾರಿ)

ಜೀಪಿನ ಮಾತು ಬಂದದ್ದರಿಂದ, ಮೊದಲ ಬರಹದಲ್ಲಿ ಹೇಳದೆ ಬಿಟ್ಟದ್ದನ್ನು ಹೇಳಿಬಿಡುತ್ತೇನೆ. ಮೊದಲ ದಿನ ನಾವು ಬಾಡಿಗೆಗೆ ಪಡೆದ ಜೀಪಿನ ಚಾಲಕರು ನಮ್ಮನ್ನು ಖುಷಿಪಡಿಸಲೆಂದು ದಾರಿ ಬಿಟ್ಟು ಹುಲ್ಲಿನೊಳಗೆ ಇಳಿಸಿ ಚಿಂಕಾರಗಳ ಹಿಂದೆ ಓಡಿಸಿದರು. ಒಂದು ನಿಮಿಷವಿರಬಹುದು. ನಿಲ್ಲಿಸಿ ಎಂದು ನಾನು ಹೇಳುವಷ್ಟರಲ್ಲಿ ಹಿಂಡು ಚದುರಿ ಮರಿಯೊಂದು ಬೇರೆಯಾಗಿತ್ತು. ಆ ನೆಲದಲ್ಲಿ ಒಂದು ಸಲ ಬಿದ್ದ ಚಕ್ರದ ಗುರುತು ವರ್ಷಗಟ್ಟಲೆ ಅಳಿಯುವುದಿಲ್ಲವೆಂದು ಮರುದಿನ ಅರಣ್ಯ ರಕ್ಷಕರು ತೋರಿಸಿದಾಗ ನನಗೆ ತಲೆಯೆತ್ತಲಾಗಲಿಲ್ಲ. ಜೀಪು ಹತ್ತುವ ಮೊದಲೇ ದಾರಿ ಬಿಡಬಾರದೆಂದು ಗಟ್ಟಿಯಾಗಿ ಹೇಳಿ, ಒಪ್ಪದಿದ್ದರೆ ಬೇರೆ ಜೀಪು ನೋಡಿ.

ಅಲ್ಲಿ ನನ್ನನ್ನು ಎಲ್ಲಕ್ಕಿಂತ ಕಾಡಿದ್ದು ವಿದ್ಯುತ್ ತಂತಿಗಳು. ಬಯಲಿನ ಅಂಚಿನುದ್ದಕ್ಕೂ ಗಾಳಿಯಂತ್ರಗಳು, ಸೌರ ಫಲಕಗಳು, ಅವುಗಳಿಂದ ಹೊರಟ ತಂತಿಗಳು. ಎರೆಭೂತದ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಎದುರಿನದು ಅದಕ್ಕೆ ಸರಿಯಾಗಿ ಕಾಣದು. ಭಾರದ ಮೈಯಾದ್ದರಿಂದ ತಂತಿ ಕಂಡ ಮೇಲೂ ಥಟ್ಟನೆ ತಿರುಗಲಾರದು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪ್ರದೇಶದ ತಂತಿಗಳನ್ನು ಸಾಧ್ಯವಿದ್ದಲ್ಲೆಲ್ಲ ನೆಲದಡಿಗೆ ಹಾಕಬೇಕೆಂದಿತು; 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ವಿಷಯವನ್ನು ಒಪ್ಪಿಸಿತು. 2019ರಿಂದ ಸಮ್‌ನಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯವರು ಬಯಲಿನಿಂದ ತಂದ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಬೆಳೆಸುತ್ತಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು. ಆ ಮರಿಗಳು ಒಂದು ದಿನ ಬಯಲಿಗೆ ಬರುವಾಗ ಆಕಾಶದಲ್ಲಿ ಎಷ್ಟು ತಂತಿಗಳಿರುತ್ತವೆ ಎಂಬುದೇ ನನ್ನ ಚಿಂತೆ.

ಎರಿಹೊಲ (ಸಿರುಗುಪ್ಪ)

ಮೇಷ್ಟ್ರೇ, ತಂತಿಯ ಮಾತು ನಮಗೂ ಹೊರತಲ್ಲ. ನಮ್ಮ ಬಳ್ಳಾರಿ, ಕೊಪ್ಪಳದ ಬಯಲುಗಳಲ್ಲಿಯೂ ಗಾಳಿಯಂತ್ರಗಳು ಎದ್ದಿವೆ. ನಾನು ವಿದ್ಯುತ್ ಬೇಡವೆನ್ನುವವನಲ್ಲ, ನನ್ನ ಬೋರ್‌ವೆಲ್ಲಿಗೂ ಅದೇ ಬೇಕು. ಆದರೆ ಹಕ್ಕಿ ಓಡಾಡುವ ಹೊಲಗಳ ಮೇಲೆ ತಂತಿ ಎಳೆಯುವ ಮೊದಲು ಕನಿಷ್ಠ ಕೇಳಬೇಕು, ತಂತಿಗೆ ಹಕ್ಕಿಗೆ ಕಾಣುವಂಥ ಬಿಲ್ಲೆಗಳನ್ನಾದರೂ ಕಟ್ಟಬೇಕು.

ಅಕ್ಕಾ, ಸಮಯ ಸಿಕ್ಕರೆ ಜೈಸಲ್ಮೇರ್ ಹತ್ತಿರದ ಪಾಳು ಹಳ್ಳಿ ಕುಲಧರಾದ ಸುತ್ತಿನ ಖಡೀನ್‌ಗಳನ್ನು ತಂದೆಯವರಿಗೆ ತೋರಿಸಿ. ಅಲ್ಲಿದ್ದ ಪಾಲೀವಾಲ ಬ್ರಾಹ್ಮಣರು ಶತಮಾನಗಳ ಹಿಂದೆ ಇಳಿಜಾರಿನ ಕೆಳಗೆ ಒಡ್ಡು ಹಾಕಿ, ಬಂಡೆಯ ಮೇಲೆ ಬಿದ್ದ ಅಲ್ಪ ಮಳೆಯನ್ನೆಲ್ಲ ತಡೆದು, ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬೆಳೆದರಂತೆ. ನಾವು ಹಿಂಗಾರಿನಲ್ಲಿ ಎರಿ ಮಣ್ಣಿನ ತೇವವನ್ನು ನಂಬಿ ಕಡಲೆ ಬಿತ್ತುವುದೂ ಅದೇ ಲೆಕ್ಕ. ಅಂಥ ಮಳೆಯಾಶ್ರಿತ ಹೊಲಗಳಲ್ಲೇ ನಮ್ಮ ಹಕ್ಕಿಯೂ ಉಳಿದಿದೆ, ಮಿಡತೆಗಳನ್ನು ಹೆಕ್ಕುತ್ತ. ನಾಲೆಯ ನೀರು ಬಂದು ಭತ್ತವಾದ ಕಡೆ ನಾನು ಒಮ್ಮೆಯೂ ಕಂಡಿಲ್ಲ.

ಚಾರಣಿಗ (ಸಂಡೂರು)

ಗಂಗಾವತಿ ಮೇಡಂ ಹೇಳಿದ್ದರ ಬಗ್ಗೆ ಎರಡು ದಿನ ಯೋಚಿಸಿದೆ. ಗೋಪುರದ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಸಿರುಗುಪ್ಪದ ಶಾಲೆಗಳಲ್ಲಿ ಚಿತ್ರ ತೋರಿಸಿ ಮಾತಾಡಲು ಯಾರಾದರೂ ಹೊರಟರೆ ಜೊತೆಗೆ ಬರಲು ಸಿದ್ಧನಿದ್ದೇನೆ. ನೋಡಲು ಹೊರಗಿನವರು ಬರಬಾರದಾದರೆ, ಕಾಯುವ ಊರಿನ ಮಕ್ಕಳಿಗಾದರೂ ತಮ್ಮ ಹೊಲದಲ್ಲಿ ಏನಿದೆಯೆಂದು ಗೊತ್ತಿರಬೇಕು.

ಕೃಷ್ಣಾತೀರ (ರಾಯಚೂರು)

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಮನೆಯಲ್ಲಿ ಕುಳಿತು ಪಟ್ಟಿಯನ್ನು ಪೂರ್ತಿ ಬದಲಿಸಿದ್ದೇವೆ. ಡೇರೆಯ ರಾತ್ರಿಯನ್ನು ಕೈಬಿಟ್ಟು ಜೈಸಲ್ಮೇರ್ ಊರಿನಲ್ಲೇ ನಾಲ್ಕು ರಾತ್ರಿ ತಂಗುತ್ತೇವೆ. ಎರಡು ಬೆಳಗು ಸುದಾಸರಿಗೆ, ಒಂದು ಮಧ್ಯಾಹ್ನ ಆಕಲ್‌ಗೆ, ಇನ್ನೊಂದು ತಂದೆಯವರ ಒತ್ತಾಯದ ಮೇರೆಗೆ ಖಡೀನ್ ನೋಡಲು. ಅವರು ನಲವತ್ತು ವರ್ಷ ಒಕ್ಕಲುತನ ಮಾಡಿದವರು, ಹಕ್ಕಿಗಿಂತ ಅದರ ಮೇಲೆಯೇ ಅವರಿಗೆ ಹೆಚ್ಚು ಆಸೆ ಹುಟ್ಟಿದೆ. ಮೊದಲ ಬೆಳಗು ಅವರು ಕೋಣೆಯಲ್ಲೇ ಇದ್ದು, ಎರಡನೆಯ ದಿನ ಬಿಸಿಲೇರಿದ ಮೇಲೆ ಬರುತ್ತಾರೆ.

ಮಗಳು ಟಿಪ್ಪಣಿ ಪುಸ್ತಕದಲ್ಲಿ ಎರೆಭೂತದ ಚಿತ್ರದ ಕೆಳಗೆ ದೊರವಾಯನ ಹಕ್ಕಿ, ಗೋಡಾವಣ್ ಎಂದು ಉಳಿದ ಎರಡು ಹೆಸರುಗಳನ್ನೂ ಬರೆದುಕೊಂಡಿದ್ದಾಳೆ. ಸಿರುಗುಪ್ಪದ ಅಣ್ಣಾವರೇ, ನಾವು ನಿಮ್ಮ ಊರಿಗೆ ಹಕ್ಕಿ ಹುಡುಕಿಕೊಂಡು ಬರುವುದಿಲ್ಲ. ಅಲ್ಲಿಂದ ನಿಮಗೆ ತರಬೇಕಾದದ್ದು ಏನಾದರೂ ಇದ್ದರೆ ಹೇಳಿ.

ಎರಿಹೊಲ (ಸಿರುಗುಪ್ಪ)

ಸಾಮಾನು ಏನೂ ಬೇಡ ಅಕ್ಕಾ. ಸುದಾಸರಿಯ ಅರಣ್ಯ ರಕ್ಷಕರನ್ನು ನನ್ನ ಪರವಾಗಿ ಒಂದು ಮಾತು ಕೇಳಿ ಬನ್ನಿ. ಆವರಣದೊಳಗೆ ಹುಲ್ಲನ್ನು ಎಷ್ಟು ಎತ್ತರದವರೆಗೆ ಬೆಳೆಯಲು ಬಿಡುತ್ತಾರೆ, ದನಕುರಿ ಮೇಯಲು ಬಿಡುವುದಿದ್ದರೆ ಯಾವ ತಿಂಗಳಲ್ಲಿ ಬಿಡುತ್ತಾರೆ? ಹಳ್ಳದ ದಂಡೆಗಿರುವ ನನ್ನ ಎರಡೆಕರೆಯನ್ನು ಮುಂದಿನ ಮುಂಗಾರಿಗೆ ಬಿತ್ತದೆ ಬೀಳು ಬಿಡಬೇಕೆಂದಿದ್ದೇನೆ, ಅದಕ್ಕೆ ಬೇಕು.